ಕೆರೆಯೊಂದನ್ನು ಹಿಡಿದು ಕಾಯ್ದೆ ಓದಿ

ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿರುವ ಮಕ್ಕಳೇ, ಪರಿಸರ ಆಡಳಿತದ ಪಾಠವನ್ನು ಹೇಗೆ ಓದಬೇಕೆಂಬ ಬಗ್ಗೆ ನಿಮ್ಮಲ್ಲಿ ನಾಲ್ಕು ಮಾತು ಆಡಬೇಕೆನಿಸಿದೆ. ಧಾರವಾಡದ ಸಪ್ತಾಪುರಕ್ಕೆ ಹೋಗಿ, ಬೆಂಗಳೂರಿನ ವಿಜಯನಗರಕ್ಕೆ ಬನ್ನಿ, ಓದುವ ಕೋಣೆಯ ಗೋಡೆಯ ಮೇಲೆ ಒಂದೇ ಬಗೆಯ ಚೀಟಿ ಅಂಟಿರುತ್ತದೆ. 1972 ವನ್ಯಜೀವಿ, 1974 ಜಲ, 1980 ಅರಣ್ಯ, 1981 ವಾಯು, 1986 ಪರಿಸರ, 2002 ಜೀವವೈವಿಧ್ಯ, 2006 ಅರಣ್ಯ ಹಕ್ಕು, 2010 ಹಸಿರು ನ್ಯಾಯಮಂಡಳಿ. ಚೀಟಿ ಹರಿದುಹಾಕಿ ಎನ್ನುವುದಿಲ್ಲ, ಅದಕ್ಕೂ ಅದರ ಉಪಯೋಗವಿದೆ. ಆದರೆ ಮುಖ್ಯ ಪರೀಕ್ಷೆಯಲ್ಲಿ ಹದಿನೈದು ಅಂಕದ ಪ್ರಶ್ನೆ ಎದುರಿಗೆ ನಿಂತಾಗ, ಮುಂದೊಂದು ದಿನ ಉಪವಿಭಾಗಾಧಿಕಾರಿಯ ಮೇಜಿನ ಮೇಲೆ ಊರಿನವರ ಅರ್ಜಿ ಬಂದು ಬಿದ್ದಾಗ, ಇಸವಿಗಳಿಂದ ಆಗುವ ಸಹಾಯ ಬಹಳ ಕಡಿಮೆ.

ಪಠ್ಯಕ್ರಮವೇ ಈ ವಿಷಯವನ್ನು ಹೋಳು ಮಾಡಿ ಕೊಟ್ಟಿದೆ. ಸಾಮಾನ್ಯ ಅಧ್ಯಯನದ ಎರಡನೇ ಪತ್ರಿಕೆಯಲ್ಲಿ ಶಾಸನಬದ್ಧ, ನಿಯಂತ್ರಕ ಮತ್ತು ಅರೆನ್ಯಾಯಿಕ ಸಂಸ್ಥೆಗಳು. ಮೂರನೆಯದರಲ್ಲಿ ಸಂರಕ್ಷಣೆ, ಮಾಲಿನ್ಯ, ಪರಿಸರ ಪರಿಣಾಮ ಅಂದಾಜು. ನಾಲ್ಕನೆಯದರಲ್ಲಿ ನೀತಿ, ಪ್ರಾಮಾಣಿಕತೆ. ನೀವು ಮೂರಕ್ಕೂ ಬೇರೆ ಬೇರೆ ನೋಟ್‌ಬುಕ್ ಇಟ್ಟಿರುತ್ತೀರಿ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಇದೇ ವಿಷಯ ಒಂದೇ ಕಡತವಾಗಿ ಬರುತ್ತದೆ: ಒಂದು ಕಾರ್ಖಾನೆ, ಒಂದು ಹಳ್ಳ, ಕುಡಿಯುವ ನೀರು ಕೆಟ್ಟ ಒಂದು ಊರು, ಕೆಲಸ ಹೋದರೆ ಗತಿಯೇನು ಎನ್ನುವ ಇನ್ನೂರು ಕಾರ್ಮಿಕರು. ಆದ್ದರಿಂದ ನನ್ನ ಸಲಹೆ ಇಷ್ಟು. ನಿಮಗೆ ಗೊತ್ತಿರುವ ಒಂದು ಕೆರೆಯನ್ನು ಹಿಡಿಯಿರಿ. ಅದಕ್ಕೆ ಸಂಬಂಧಿಸಿದ ಪ್ರತಿ ಸಂಸ್ಥೆಗೂ ಕೆಲವೇ ಪ್ರಶ್ನೆ ಕೇಳಿ: ನಿನಗೆ ಅಧಿಕಾರ ಎಲ್ಲಿಂದ ಬಂತು, ನಿನ್ನನ್ನು ನೇಮಿಸುವವರು ಯಾರು, ನೀನು ಯಾರಿಗೆ ಏನೆಂದು ಆದೇಶ ಮಾಡಬಲ್ಲೆ, ನಿನ್ನ ಆದೇಶವನ್ನು ತಡೆಯಬಲ್ಲವರು ಯಾರು. ಇಷ್ಟು ಕೇಳಿಕೊಂಡು ಓದಿದರೆ ಮೂರು ನೋಟ್‌ಬುಕ್ಕೂ ತಾವಾಗಿ ಒಂದಾಗುತ್ತವೆ.

ಎಲ್ಲರಿಗೂ ಗೊತ್ತಿರುವ ಕೆರೆಯೆಂದರೆ ಬೆಳ್ಳಂದೂರು. ಸುಮಾರು 900 ಎಕರೆ ವಿಸ್ತಾರ, ಬೆಂಗಳೂರಿನ ಅತಿ ದೊಡ್ಡ ಕೆರೆ. ಇಲ್ಲಿಂದ ಹೊರಟ ನೀರು ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತದೆ. ಗಾಳಿಗೆ ರಸ್ತೆ ಮೇಲೆ ಹಾರಿ ಬೀಳುತ್ತಿದ್ದ ನೊರೆಯ ಚಿತ್ರ ನೀವೂ ನೋಡಿದ್ದೀರಿ. 2017ರ ಫೆಬ್ರವರಿಯಲ್ಲಿ ಕೆರೆಗೆ ಬೆಂಕಿ ಬಿತ್ತು. 2018ರ ಜನವರಿಯಲ್ಲಿ ಮತ್ತೆ ಹೊತ್ತಿ ಉರಿದಾಗ ನಂದಿಸಲು ಸೈನಿಕರು ಇಳಿಯಬೇಕಾಯಿತು. ನೀರಿಗೆ ಬೆಂಕಿ ಬೀಳುವುದೆಂದರೆ ಆಡಳಿತದ ಎಷ್ಟು ಕೊಂಡಿ ಕಳಚಿರಬೇಕು, ಯೋಚಿಸಿ.

ಆ ಕೆರೆಯ ಉಸ್ತುವಾರಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ್ದು. ಅದು 1976ರ ಕಾಯ್ದೆಯ ಸಂಸ್ಥೆ, ಅದರ ಮೂಲ ಕಸುಬು ಬಡಾವಣೆ ಕಟ್ಟುವುದು. ಕೆರೆಗೆ ಬರುವ ಕೊಳಚೆಯನ್ನು ಶುದ್ಧೀಕರಿಸಬೇಕಾದದ್ದು 1964ರ ಕಾಯ್ದೆಯಡಿ ಹುಟ್ಟಿದ ಜಲಮಂಡಳಿ. ಕೊಳಚೆ ಹರಿದುಬರುವ ರಾಜಕಾಲುವೆ ಮಹಾನಗರ ಪಾಲಿಕೆಯದು. ಆ ಪಾಲಿಕೆಯೂ ಈಗ ಹಳೆಯ ರೂಪದಲ್ಲಿಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರ ಕೆಳಗೆ ಐದು ನಗರ ಪಾಲಿಕೆಗಳೂ ಬಂದಿವೆ. ನೀರಿನ ಗುಣಮಟ್ಟ ಅಳೆದು, ತಪ್ಪಿದವರಿಗೆ ನೋಟಿಸ್ ಕೊಡಬೇಕಾದದ್ದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಸುತ್ತಲಿನ ಅಪಾರ್ಟ್‌ಮೆಂಟುಗಳ ಶುದ್ಧೀಕರಣ ಘಟಕಗಳು ಓಡುತ್ತಿವೆಯೇ ಎಂದು ನೋಡುವವರೂ ಅವರೇ. ಇವಲ್ಲದೆ ರಾಜ್ಯದ ಕೆರೆಗಳಿಗೆಂದೇ ಇನ್ನೊಂದು ಪ್ರಾಧಿಕಾರವಿದೆ. ಯಾವ ಸಂಸ್ಥೆಯೂ ಇಲ್ಲದೆ ಈ ಕೆರೆ ಹಾಳಾಗಲಿಲ್ಲ. ಇಷ್ಟೊಂದು ಸಂಸ್ಥೆಗಳ ನಡುವೆ ಹಾಳಾಯಿತು. ಈ ಒಂದು ಸಂಗತಿಯನ್ನು ಅರ್ಥ ಮಾಡಿಕೊಂಡವರು ‘ಸಮನ್ವಯದ ಕೊರತೆ’ ಎಂಬ ಸವಕಲು ಪದದಿಂದ ಉತ್ತರ ಮುಗಿಸುವುದಿಲ್ಲ. ಯಾವ ಕಾಯ್ದೆ ಯಾರ ಕೈಗೆ ಏನು ಕೊಟ್ಟಿತ್ತು, ಯಾರ ಕೈಗೆ ಏನನ್ನು ಕೊಟ್ಟಿರಲಿಲ್ಲ ಎಂದು ಬರೆಯುತ್ತಾರೆ.

ಮುಂದಿನ ಕಥೆಯಲ್ಲಿ ಇನ್ನೂ ದೊಡ್ಡ ಪಾಠವಿದೆ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಜಾಗ ಬಿಡಬೇಕೆಂದು ಆದೇಶಿಸಿತು. ರಾಜಕಾಲುವೆಗಳ ಅಂಚಿಗೂ ಅವುಗಳ ದರ್ಜೆಗೆ ತಕ್ಕಂತೆ 50, 35, 25 ಮೀಟರ್ ನಿಗದಿ ಮಾಡಿತು. ನಗರದ ಮಹಾಯೋಜನೆಯಲ್ಲಿ ಕೆರೆಗೆ ಇದ್ದದ್ದು 30 ಮೀಟರ್. ಪರಿಸರ ಪ್ರೇಮಿಗಳು ಸಂತೋಷಪಟ್ಟರು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿರ್ದೇಶನವನ್ನು ತೆಗೆದುಹಾಕಿತು. ಮಹಾಯೋಜನೆ ಎಂಬುದು ಶಾಸನದ ಬಲವಿರುವ ದಾಖಲೆ, ಅದನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗೆ ಕಾಯ್ದೆ ಕೊಟ್ಟಿಲ್ಲ ಎಂಬುದು ಕಾರಣ. ಅದೇ ನ್ಯಾಯಮಂಡಳಿ 2018ರ ಡಿಸೆಂಬರ್‌ನಲ್ಲಿ, ಬೆಳ್ಳಂದೂರು ಕೆರೆಯ ಪುನಶ್ಚೇತನಕ್ಕೆ 500 ಕೋಟಿ ರೂಪಾಯಿಯನ್ನು ಪ್ರತ್ಯೇಕ ಖಾತೆಯಲ್ಲಿ ಇಡಿ ಎಂದು ರಾಜ್ಯ ಸರ್ಕಾರಕ್ಕೆ ಹೇಳಿ, ಕೆಲಸದ ಮೇಲ್ವಿಚಾರಣೆಗೆ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಸಮಿತಿಯನ್ನು ನೇಮಿಸಿತ್ತು. ಹಾನಿಯಾದ ಪರಿಸರವನ್ನು ಸರಿಪಡಿಸಲು ಆದೇಶ ಮಾಡುವುದು ನ್ಯಾಯಮಂಡಳಿಯ ಅಧಿಕಾರದೊಳಗೆ ಬರುತ್ತದೆ. ವಲಯ ನಿಯಮವನ್ನು ಹೊಸದಾಗಿ ಬರೆಯುವುದು ಬರುವುದಿಲ್ಲ. ಕೆರೆಗೆ 75 ಮೀಟರ್ ಬೇಕೇ ಎಂದು ನನ್ನನ್ನು ಕೇಳಿದರೆ ಬೇಕು ಎಂದೇ ಹೇಳುತ್ತೇನೆ. ಆದರೆ ಅದು ಬರಬೇಕಾದ ದಾರಿ ಮಹಾಯೋಜನೆಯದು, ಶಾಸನಸಭೆಯದು. ಒಳ್ಳೆಯ ಉದ್ದೇಶವೂ ಸರಿಯಾದ ಬಾಗಿಲಿನಿಂದ ಬರದಿದ್ದರೆ ನಿಲ್ಲುವುದಿಲ್ಲ. ಆಡಳಿತಕ್ಕೆ ಹೋಗುವವರು ಬೇಗ ಕಲಿಯಬೇಕಾದ ವಿಷಯವಿದು.

ಅಧಿಕಾರದ ಬೇರು ಹುಡುಕುವುದನ್ನು ಸಂವಿಧಾನದಿಂದಲೇ ಶುರು ಮಾಡಿ. ನೀರು ರಾಜ್ಯಪಟ್ಟಿಯ ವಿಷಯ. ಹಾಗಿದ್ದೂ 1974ರ ಜಲ ಕಾಯ್ದೆಯನ್ನು ಸಂಸತ್ತು ಮಾಡಿದ್ದು ಹೇಗೆ? 252ನೇ ವಿಧಿಯಡಿ. ಎರಡು ಅಥವಾ ಹೆಚ್ಚು ರಾಜ್ಯಗಳ ಶಾಸಕಾಂಗಗಳು ನಿರ್ಣಯ ಮಾಡಿ ಕೇಳಿಕೊಂಡರೆ ರಾಜ್ಯಪಟ್ಟಿಯ ವಿಷಯದಲ್ಲೂ ಸಂಸತ್ತು ಕಾಯ್ದೆ ಮಾಡಬಹುದು. ಜಲ ಕಾಯ್ದೆಯ ಪೀಠಿಕೆ ತೆರೆದರೆ ಹಾಗೆ ಕೇಳಿಕೊಂಡ 12 ರಾಜ್ಯಗಳ ಹೆಸರಿದೆ. ಅದರಲ್ಲಿ ಕರ್ನಾಟಕವೂ ಒಂದು. ಈಗ ಐವತ್ತು ವರ್ಷ ಮುಂದೆ ಬನ್ನಿ. 2024ರಲ್ಲಿ ಸಂಸತ್ತು ಜಲ ಕಾಯ್ದೆಗೆ ತಿದ್ದುಪಡಿ ತಂದು, ಹಲವು ತಪ್ಪುಗಳಿಗೆ ಇದ್ದ ಜೈಲುಶಿಕ್ಷೆ ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಹಾಕಿತು. ಆ ತಿದ್ದುಪಡಿ ಮೊದಲಿಗೆ ಅನ್ವಯವಾದದ್ದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಮಾತ್ರ. ಏಕೆಂದರೆ 252ನೇ ವಿಧಿಯಡಿ ಹುಟ್ಟಿದ ಕಾಯ್ದೆಯ ತಿದ್ದುಪಡಿಯೂ ಅದೇ ವಿಧಿಯ ದಾರಿಯಲ್ಲೇ ಬರಬೇಕು. ನಿರ್ಣಯ ಮಾಡಿದ ರಾಜ್ಯಕ್ಕಷ್ಟೇ ಅದು ತಟ್ಟುತ್ತದೆ. ಗೋಡೆಯ ಚೀಟಿಯಲ್ಲಿ ‘1974’ ಎಂದಷ್ಟೇ ಓದಿದ್ದವರಿಗೆ 2024ರ ಸುದ್ದಿ ಒಗಟಾಗಿ ಕಾಣುತ್ತದೆ. ಬೇರು ಗೊತ್ತಿದ್ದವರು ಒಂದೇ ಸಾಲಿನಲ್ಲಿ ವಿವರಿಸುತ್ತಾರೆ, ಒಕ್ಕೂಟ ವ್ಯವಸ್ಥೆಯ ಪ್ರಶ್ನೆಗೂ ಅದೇ ಉದಾಹರಣೆ ಕೊಡುತ್ತಾರೆ.

1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ ಈ ದಾರಿ ಹಿಡಿಯಲಿಲ್ಲ. ಅವು 253ನೇ ವಿಧಿಯವು. ಅಂತರರಾಷ್ಟ್ರೀಯ ಒಪ್ಪಂದ, ಸಮ್ಮೇಳನಗಳ ತೀರ್ಮಾನ ಜಾರಿಗೆ ತರಲು ಸಂಸತ್ತು ಯಾವ ವಿಷಯದ ಮೇಲಾದರೂ ಕಾಯ್ದೆ ಮಾಡಬಹುದೆನ್ನುವ ವಿಧಿ ಅದು. 1972ರ ಸ್ಟಾಕ್‌ಹೋಮ್ ಸಮ್ಮೇಳನವೇ ಇಲ್ಲಿ ಆಧಾರ. 1986ರ ಕಾಯ್ದೆಯನ್ನು ದೇಶಕ್ಕೆ ತಂದದ್ದು 1984ರ ಡಿಸೆಂಬರ್‌ನ ಭೋಪಾಲ ಅನಿಲ ದುರಂತದ ಆ ರಾತ್ರಿ. ಪೀಠಿಕೆಯಲ್ಲಿ ಮಾತ್ರ ಕಾಣುವುದು ಸ್ಟಾಕ್‌ಹೋಮ್. ಎರಡನ್ನೂ ಬರೆಯಬಲ್ಲ ವಿದ್ಯಾರ್ಥಿಗೆ ಕಾಯ್ದೆಯ ಕಾರಣ ಬೇರೆ, ಅದರ ಕಾನೂನು ಆಧಾರ ಬೇರೆ ಎಂಬ ತಿಳಿವಳಿಕೆ ಇದೆಯೆಂದು ಮೌಲ್ಯಮಾಪಕರಿಗೆ ಗೊತ್ತಾಗುತ್ತದೆ. 42ನೇ ತಿದ್ದುಪಡಿಯನ್ನೂ ಈ ಜೊತೆಗೇ ಓದಿಬಿಡಿ. 48ಎ ಮತ್ತು 51ಎ(ಜಿ) ಬಂದದ್ದೂ, ಅರಣ್ಯ ಮತ್ತು ವನ್ಯಜೀವಿ ಸಮವರ್ತಿ ಪಟ್ಟಿಗೆ ಹೋದದ್ದೂ ಅದರಿಂದಲೇ.

ಬೇರು ಹುಡುಕುವ ಅಭ್ಯಾಸ ಪ್ರಿಲಿಮ್ಸ್‌ನಲ್ಲೂ ಕೈಹಿಡಿಯುತ್ತದೆ. 2018ರಲ್ಲಿ ಯುಪಿಎಸ್‌ಸಿ ಹಸಿರು ನ್ಯಾಯಮಂಡಳಿಗೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೂ ಏನು ವ್ಯತ್ಯಾಸ ಎಂದು ಕೇಳಿತ್ತು. ಮೊದಲನೆಯದು ಕಾಯ್ದೆಯಿಂದ ಹುಟ್ಟಿತು, ಎರಡನೆಯದು ಸರ್ಕಾರದ ಕಾರ್ಯಾದೇಶದಿಂದ ಹುಟ್ಟಿತು ಎಂಬ ಹೇಳಿಕೆ ಅಲ್ಲಿತ್ತು. ಎಷ್ಟೋ ಮಕ್ಕಳು ಅಲ್ಲಿ ಎಡವಿದರು. ಕೇಂದ್ರ ಮಂಡಳಿ 1974ರ ಜಲ ಕಾಯ್ದೆಯ ಕೂಸು, ಎರಡೂ ಶಾಸನಬದ್ಧ. ಹಸಿರು ನ್ಯಾಯಮಂಡಳಿಯ ಮಿತಿಯನ್ನೂ ಹೀಗೇ ಗುರುತಿಸಿಕೊಳ್ಳಿ. ಅದರ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಏಳು ಕಾನೂನುಗಳಿವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅರಣ್ಯ ಹಕ್ಕು ಕಾಯ್ದೆಯೂ ಅದರಲ್ಲಿ ಇಲ್ಲ. ದೆಹಲಿಯ ಪ್ರಧಾನ ಪೀಠವಲ್ಲದೆ ಭೋಪಾಲ್, ಪುಣೆ, ಕೋಲ್ಕತ್ತಾ, ಚೆನ್ನೈಗಳಲ್ಲಿ ಪೀಠಗಳಿವೆ. ನಮ್ಮ ರಾಜ್ಯ ಚೆನ್ನೈ ಪೀಠದ ವ್ಯಾಪ್ತಿ. ಬೀದರ್‌ನ ರೈತನೊಬ್ಬನಿಗೆ ಚೆನ್ನೈ ಎಷ್ಟು ದೂರ ಎಂದು ಯೋಚಿಸಿದರೆ, ‘ನ್ಯಾಯದ ಲಭ್ಯತೆ’ ಎನ್ನುವ ಪ್ರಶ್ನೆಗೆ ನಿಮ್ಮದೇ ಉತ್ತರ ಸಿಗುತ್ತದೆ.

ನೇಮಕಾತಿಯ ಪ್ರಶ್ನೆಗೆ ಬರೋಣ, ಇದರ ಬಗ್ಗೆ ನನಗೆ ಕಾಳಜಿ ಹೆಚ್ಚು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧ್ಯಕ್ಷರನ್ನೂ ಸದಸ್ಯರನ್ನೂ ನಾಮನಿರ್ದೇಶನ ಮಾಡುವುದು ರಾಜ್ಯ ಸರ್ಕಾರ. ಜಲ ಕಾಯ್ದೆಯ 18ನೇ ಪ್ರಕರಣದಂತೆ ಸರ್ಕಾರದ ಲಿಖಿತ ನಿರ್ದೇಶನಕ್ಕೆ ಮಂಡಳಿ ಬದ್ಧ. ಈಗ ನದಿಗಳಿಗೂ ಕೆರೆಗಳಿಗೂ ಕೊಳಚೆ ಬಿಡುವವರಲ್ಲಿ ದೊಡ್ಡವರು ಯಾರು? ಹೆಚ್ಚಿನ ಊರುಗಳಲ್ಲಿ ನಗರಸಭೆ, ಪುರಸಭೆ, ಜಲಮಂಡಳಿಗಳು. ಸರ್ಕಾರದ ಒಂದು ಅಂಗ ಇನ್ನೊಂದು ಅಂಗಕ್ಕೆ ನೋಟಿಸ್ ಕೊಡಬೇಕು. 33ಎ ಪ್ರಕರಣದಡಿ ಮಂಡಳಿ ಕಾರ್ಖಾನೆಯೊಂದನ್ನು ಮುಚ್ಚಿಸಬಹುದು, ಅದರ ವಿದ್ಯುತ್ ಕಡಿತ ಮಾಡಿಸಬಹುದು. ಊರಿನ ಕೊಳಚೆ ನೀರನ್ನು ಹಾಗೆ ನಿಲ್ಲಿಸಲು ಬರುತ್ತದೆಯೇ? 2017ರಲ್ಲಿ ಸುಪ್ರೀಂ ಕೋರ್ಟ್, ಮಂಡಳಿಗಳಿಗೆ ಅರ್ಹರನ್ನು ನೇಮಿಸಲು ಆರು ತಿಂಗಳೊಳಗೆ ನಿಯಮ ಮಾಡಿ ಎಂದು ರಾಜ್ಯಗಳಿಗೆ ಹೇಳಬೇಕಾಗಿ ಬಂತು. ಪರಿಸರದ ಹಾನಿಗೆ ಪರಿಹಾರದ ಮೊತ್ತ ವಸೂಲಿ ಮಾಡುವ ಅಧಿಕಾರ ಮಂಡಳಿಗಳಿಗೆ ಇದೆಯೆಂದು 2025ರ ಆಗಸ್ಟ್‌ನಲ್ಲಿ ಅದೇ ಕೋರ್ಟ್ ಹೇಳಿದೆ. ಮಂಡಳಿ ದುರ್ಬಲವಾಗಿದೆ ಎಂದು ಬರೆಯುವುದು ಸುಲಭ. ಯಾವ ಪ್ರಕರಣದಲ್ಲಿ, ಯಾರ ಎದುರು ದುರ್ಬಲ ಎಂದು ಬರೆಯುವವರು ಕಡಿಮೆ. ನೀವು ಆ ಕಡಿಮೆ ಜನರಲ್ಲಿ ಸೇರಬೇಕು.

ಇನ್ನು ನಿಮ್ಮದೇ ಆಗಲಿರುವ ಕುರ್ಚಿಯ ವಿಷಯ. ಕೋಚಿಂಗ್ ಟಿಪ್ಪಣಿಗಳಲ್ಲಿ ಮಂತ್ರಾಲಯ, ಮಂಡಳಿ, ನ್ಯಾಯಮಂಡಳಿಗಳೆಲ್ಲ ಇರುತ್ತವೆ, ಉಪವಿಭಾಗಾಧಿಕಾರಿ ಇರುವುದಿಲ್ಲ. ಮಧ್ಯಪ್ರದೇಶದ ರತ್ಲಾಂ ಪಟ್ಟಣದ ಪ್ರಕರಣ ಓದಿ. ಒಂದು ಬಡಾವಣೆಯವರು ತೆರೆದ ಚರಂಡಿ, ದುರ್ವಾಸನೆ, ಮದ್ಯದ ಕಾರ್ಖಾನೆಯ ತ್ಯಾಜ್ಯದ ನಡುವೆ ಬದುಕಲಾಗದೆ ಮ್ಯಾಜಿಸ್ಟ್ರೇಟರ ಬಳಿ ಹೋದರು. ಮ್ಯಾಜಿಸ್ಟ್ರೇಟರು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಪ್ರಕರಣದಡಿ ಪುರಸಭೆಗೆ ಚರಂಡಿ ಕಟ್ಟಲು ಆದೇಶಿಸಿದರು. ಪುರಸಭೆ ದುಡ್ಡಿಲ್ಲ ಎಂದಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮ್ಯಾಜಿಸ್ಟ್ರೇಟರ ಆದೇಶವನ್ನು ಎತ್ತಿಹಿಡಿದರು. ಹಣದ ಕೊರತೆ ಎಂಬುದು ಶಾಸನಬದ್ಧ ಕರ್ತವ್ಯದಿಂದ ತಪ್ಪಿಸಿಕೊಳ್ಳುವ ನೆಪವಾಗಬಾರದು ಎಂಬುದು ಆ ತೀರ್ಪಿನ ಸಾರ. ಹಸಿರು ನ್ಯಾಯಮಂಡಳಿ ಇನ್ನೂ ಮೂವತ್ತು ವರ್ಷ ದೂರವಿತ್ತು, ಪರಿಸರ ಸಂರಕ್ಷಣಾ ಕಾಯ್ದೆಯೂ ಬಂದಿರಲಿಲ್ಲ. ಒಂದು ಪಟ್ಟಣದ ಮ್ಯಾಜಿಸ್ಟ್ರೇಟರು ತಮ್ಮ ಕೈಯಲ್ಲಿದ್ದ ಹಳೆಯ ಪ್ರಕರಣವೊಂದನ್ನು ಬಳಸಿದರು. ಅದೇ ಅಧಿಕಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಪ್ರಕರಣದಲ್ಲಿದೆ. ನಾಳೆ ನೀವು ಹಾಸನದಲ್ಲೋ ಹೊಸಪೇಟೆಯಲ್ಲೋ ಆ ಕುರ್ಚಿಯಲ್ಲಿ ಕೂತರೆ ಅದು ನಿಮ್ಮ ಕೈಯಲ್ಲಿರುತ್ತದೆ.

ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯನ್ನೂ ಹೀಗೇ ಓದಿ. ಪರೀಕ್ಷೆಗಾಗಿ ನೀವು ಎ ವರ್ಗ, ಬಿ ವರ್ಗಗಳ ಜೊತೆಗೆ ಸ್ಕ್ರೀನಿಂಗ್, ಸ್ಕೋಪಿಂಗ್, ಸಾರ್ವಜನಿಕ ಸಮಾಲೋಚನೆ, ಅಪ್ರೈಸಲ್ ಎಂದು ನಾಲ್ಕು ಹಂತ ಬಾಯಿಪಾಠ ಮಾಡಿರುತ್ತೀರಿ. ದಯವಿಟ್ಟು ಅದರ ನಾಲ್ಕನೇ ಅನುಬಂಧವನ್ನು ಒಮ್ಮೆ ಪೂರ್ತಿ ಓದಿ, ಬಹಳ ಜನ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಸಾರ್ವಜನಿಕ ಆಲಿಕೆ ಹೇಗೆ ನಡೆಯಬೇಕೆಂದು ಅದು ಹೇಳುತ್ತದೆ. ಕನಿಷ್ಠ 30 ದಿನ ಮೊದಲೇ ನೋಟಿಸ್ ಕೊಡಬೇಕು. ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಸಭೆಯ ಅಧ್ಯಕ್ಷತೆ ಜಿಲ್ಲಾಧಿಕಾರಿಯದು, ಅಥವಾ ಅಪರ ಜಿಲ್ಲಾ ದಂಡಾಧಿಕಾರಿಗಿಂತ ಕೆಳಗಿಲ್ಲದ ಅವರ ಪ್ರತಿನಿಧಿಯದು. ಸಭೆಗೆ ಇಂತಿಷ್ಟು ಜನ ಬರಲೇಬೇಕೆಂಬ ಕೋರಂ ಇಲ್ಲ. ಕೊನೆಗೆ, ಜನ ಹೇಳಿದ ಎಲ್ಲ ಅಭಿಪ್ರಾಯ, ಆತಂಕಗಳನ್ನು ಬರೆದು, ಅಲ್ಲೇ ಸೇರಿದವರಿಗೆ ಅವರ ಭಾಷೆಯಲ್ಲಿ ಓದಿ ವಿವರಿಸಿ, ಒಪ್ಪಿದ ನಡಾವಳಿಗೆ ಜಿಲ್ಲಾ ದಂಡಾಧಿಕಾರಿ ಆ ದಿನವೇ ಸಹಿ ಹಾಕಬೇಕು.

ಈ ಕೊನೆಯ ಷರತ್ತಿನ ಬಗ್ಗೆ ಸ್ವಲ್ಪ ನಿಂತು ಯೋಚಿಸಿ. ಗಣಿ ಬರುವ ಊರಿನ ಹೆಂಗಸೊಬ್ಬಳು ಎದ್ದು ನಿಂತು, ನಮ್ಮ ಊರಿನ ಒಸರು ಬತ್ತಿದರೆ ದನಕ್ಕೆ ನೀರು ಎಲ್ಲಿಂದ ತರಲಿ ಎಂದು ಕೇಳುತ್ತಾಳೆ. ಆ ಮಾತು ನಡಾವಳಿಯಲ್ಲಿ ‘ಗ್ರಾಮಸ್ಥರು ನೀರಿನ ಬಗ್ಗೆ ಆತಂಕ ವ್ಯಕ್ತಪಡಿಸಿದರು’ ಎಂದಾಗಿಬಿಟ್ಟರೆ ದೂರದ ನಗರದಲ್ಲಿ ಕೂತ ಪರಿಣತರ ಸಮಿತಿಗೆ ಒಸರು ಎಂಬುದೊಂದು ಇದೆಯೆಂದೇ ತಿಳಿಯುವುದಿಲ್ಲ. ಯಾವ ಒಸರು, ಎಷ್ಟು ಮನೆ, ಬೇಸಿಗೆಯಲ್ಲಿ ಇನ್ನಾವ ನೀರಿದೆ ಎಂದು ಬರೆದಿದ್ದರೆ ಆ ಸಮಿತಿ ಕಂಪನಿಯಿಂದ ಉತ್ತರ ಕೇಳಲೇಬೇಕಾಗುತ್ತದೆ. ಈ ವ್ಯತ್ಯಾಸ ಮಾಡುವುದು ಕಾಯ್ದೆಯಲ್ಲ, ಆ ದಿನ ಅಧ್ಯಕ್ಷರ ಕುರ್ಚಿಯಲ್ಲಿ ಕೂತ ಅಧಿಕಾರಿ. ನಿಮ್ಮ ಕನ್ನಡ ಅಲ್ಲಿ ಕೆಲಸಕ್ಕೆ ಬರುತ್ತದೆ. ನೀತಿಶಾಸ್ತ್ರದ ಪತ್ರಿಕೆಗೆ ಬೇರೆ ಉದಾಹರಣೆ ಹುಡುಕಿಕೊಂಡು ಹೋಗುವ ಅಗತ್ಯವೂ ಇಲ್ಲ.

ಅರಣ್ಯ ಹಕ್ಕು ಕಾಯ್ದೆಯಲ್ಲೂ ನಿಮ್ಮ ಜಾಗ ಗುರುತಿಸಿ. ಅರ್ಜಿ ಮೊದಲು ಹೋಗುವುದು ಗ್ರಾಮಸಭೆಗೆ. ಅಲ್ಲಿಂದ ಉಪವಿಭಾಗಾಧಿಕಾರಿ ಅಧ್ಯಕ್ಷರಾಗಿರುವ ಸಮಿತಿಗೆ, ಆಮೇಲೆ ಜಿಲ್ಲಾಧಿಕಾರಿಯ ಸಮಿತಿಗೆ. ಪರಿಶಿಷ್ಟ ಪಂಗಡದವರಲ್ಲದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಉತ್ತರ ಕನ್ನಡ, ಶಿವಮೊಗ್ಗದ ಕಡೆಯವರನ್ನು ಕೇಳಿ, ಈ ಒಂದು ಷರತ್ತು ಎಷ್ಟು ಮನೆಗಳ ನಿದ್ದೆ ಕೆಡಿಸಿದೆಯೆಂದು ಹೇಳುತ್ತಾರೆ. ಅದೇ ಕಾಯ್ದೆಯಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ, ಹುಲಿ ಸಂರಕ್ಷಿತ ಪ್ರದೇಶದೊಳಗೇ, ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಒಡಿಶಾದ ನಿಯಮಗಿರಿಯಲ್ಲಿ 2013ರ ಏಪ್ರಿಲ್ 18ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಗಣಿಗಾರಿಕೆಯ ಪ್ರಶ್ನೆ ಗ್ರಾಮಸಭೆಗಳ ಮುಂದೆ ಹೋಯಿತು. ಹನ್ನೆರಡು ಗ್ರಾಮಸಭೆಗಳೂ ಬೇಡವೆಂದವು.

ಅದೇ ದಿನಾಂಕ ನಮ್ಮ ರಾಜ್ಯಕ್ಕೂ ಸಂಬಂಧಿಸಿದ್ದು. 2013ರ ಏಪ್ರಿಲ್ 18ರಂದೇ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಅರ್ಜಿಯ ಮೇಲೆ, ತೀರ್ಪು ಬಂತು. ಸಂಸ್ಥೆಗಳು ಒಂದರ ಹಿಂದೊಂದು ಹೇಗೆ ಕೆಲಸ ಮಾಡುತ್ತವೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ನಮ್ಮ ನೆಲದಲ್ಲಿ ಇಲ್ಲ. ಲೋಕಾಯುಕ್ತ ಕಾಯ್ದೆ 1984ರದು. ಲೋಕಾಯುಕ್ತರು ತನಿಖೆ ಮಾಡಿ ವರದಿ ಕೊಡಬಹುದು, ಶಿಕ್ಷೆ ಕೊಡಲಾರರು. ಆಗ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಕೊಟ್ಟ ವರದಿಯ ಹಿಂದೆ ಅರಣ್ಯ ಸೇವೆಯ ಅಧಿಕಾರಿ ಯು.ವಿ. ಸಿಂಗ್ ಅವರ ತಂಡ ಪರ್ಮಿಟ್, ವೇಬ್ರಿಡ್ಜ್, ಬಂದರಿನ ದಾಖಲೆಗಳನ್ನು ತಾಳೆ ಹಾಕಿದ ಶ್ರಮವಿತ್ತು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅದರ ಕೇಂದ್ರ ಉನ್ನತಾಧಿಕಾರ ಸಮಿತಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಹೆಚ್ಚು ಅಕ್ರಮ ನಡೆಸಿದ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಆ ಸಮಿತಿಗೆ ಅಧಿಕಾರ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ. 2002ರಲ್ಲಿ ಗೋದಾವರ್ಮನ್ ಅರಣ್ಯ ಪ್ರಕರಣದಲ್ಲಿ ಕೋರ್ಟೇ ಅದನ್ನು ಕಟ್ಟಿಕೊಂಡಿತ್ತು. 2023ರ ಸೆಪ್ಟೆಂಬರ್‌ನ ಅಧಿಸೂಚನೆಯಿಂದ ಕೇಂದ್ರ ಪರಿಸರ ಸಚಿವಾಲಯ ಅದನ್ನು ಶಾಶ್ವತ ಸಮಿತಿ ಮಾಡಿತು. ಕೋರ್ಟಿನ ಕಣ್ಣಾಗಿದ್ದ ಸಮಿತಿಗೆ ಸದಸ್ಯರನ್ನು ಈಗ ಸಚಿವಾಲಯ ನೇಮಿಸುತ್ತದೆ. ಇದರಿಂದ ಲಾಭವೇನು, ನಷ್ಟವೇನು? ಮುಖ್ಯ ಪರೀಕ್ಷೆಯಲ್ಲಿ ಕೇಳಬಹುದಾದ ಪ್ರಶ್ನೆ ಇದು, ಈಗಲೇ ಒಂದು ಉತ್ತರ ಬರೆದು ನೋಡಿ.

ಒಂದೇ ಕಡೆಗೆ ವಾಲಿದ ಉತ್ತರ ಬರೆಯಬೇಡಿ. ಪಶ್ಚಿಮ ಘಟ್ಟದ ಪ್ರಶ್ನೆ ಬಂದಾಗ ಇದು ಬಹಳ ಮುಖ್ಯ. ಮಾಧವ ಗಾಡ್ಗೀಳ್ ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಕಸ್ತೂರಿರಂಗನ್ ಸಮಿತಿ 2013ರಲ್ಲಿ ಘಟ್ಟದ ಸುಮಾರು ಶೇಕಡ 37 ಭಾಗವನ್ನು ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ನಮ್ಮ ರಾಜ್ಯದ ಪಾಲು 20,668 ಚದರ ಕಿಲೋಮೀಟರ್. 2014ರಿಂದ ಕರಡು ಅಧಿಸೂಚನೆಗಳು ಬರುತ್ತಲೇ ಇವೆ. 2024ರ ಜುಲೈನದು ಆರನೆಯದು. ಅದೇ ವರ್ಷ ನಮ್ಮ ಸಚಿವ ಸಂಪುಟ ಅದನ್ನು ಒಪ್ಪುವುದಿಲ್ಲವೆಂದು ತೀರ್ಮಾನಿಸಿತು. ಗಾಡ್ಗೀಳ್ ವರದಿ ಜನರ ಕೈಗೆ ಬಂದ ಬಗೆಯನ್ನು ಮರೆಯದೆ ಓದಿ. ಸಚಿವಾಲಯ ಅದನ್ನು ತಿಂಗಳುಗಟ್ಟಲೆ ಬಹಿರಂಗ ಮಾಡಲಿಲ್ಲ. ಮಾಹಿತಿ ಹಕ್ಕಿನಡಿ ಅರ್ಜಿ ಹೋಯಿತು, ಕೇಂದ್ರ ಮಾಹಿತಿ ಆಯೋಗ ಕೊಡಿ ಎಂದಿತು, ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಗಿ ಸೋತ ಮೇಲೆ 2012ರ ಮೇ ತಿಂಗಳಲ್ಲಿ ವರದಿ ಹೊರಬಂತು. ಗ್ರಾಮಸಭೆಗಳಲ್ಲಿ ಚರ್ಚೆಯಾಗಲಿ ಎಂದು ಬಯಸಿದ್ದ ವರದಿಯೇ ಬೀರುವಿನಲ್ಲಿ ಕೂತಿತ್ತು. ಮಲೆನಾಡಿನ ಬೆಳೆಗಾರರ ಭಯವನ್ನು ಅಜ್ಞಾನವೆಂದು ಬರೆಯುವವರನ್ನು ನೋಡಿದರೆ ನನಗೆ ನೋವಾಗುತ್ತದೆ. ಓದಲು ಕೊಡದ ವರದಿಗೆ ಜನ ಹೆದರಿದರೆ ಅದರಲ್ಲಿ ಆಡಳಿತದ ಪಾಲು ದೊಡ್ಡದು. ಹಾಗೆಂದು ಘಟ್ಟದ ಗುಡ್ಡಗಳು ಕುಸಿಯುತ್ತಿರುವುದೂ ಸುಳ್ಳಲ್ಲ. ಎರಡನ್ನೂ ಒಂದೇ ಪ್ಯಾರಾದಲ್ಲಿ ಹಿಡಿಯುವ ಶಕ್ತಿ ಬೆಳೆಸಿಕೊಳ್ಳಿ. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತಾಗ ಕಾಡು ಉಳಿಯಿತು, ಭದ್ರೆಗೆ ಹೂಳು ಹೋಗುವುದು ತಗ್ಗಿತು, ಒಂದು ಊರೇ ಖಾಲಿಯಾಯಿತು. ಮೂರೂ ನಿಜ.

ಓದುವ ಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಯ್ದೆಯ ಮೂಲಪಠ್ಯ ಓದಿ, ಮುಖ್ಯವಾಗಿ ಪೀಠಿಕೆ, ಅಧಿಕಾರದ ಪ್ರಕರಣ, ಮೇಲ್ಮನವಿಯ ಪ್ರಕರಣ. ಮಹಾಲೇಖಪಾಲರ ವರದಿಗಳನ್ನು ಬಿಡಬೇಡಿ. ಬೆಂಗಳೂರಿನ ಕೆರೆಗಳ ಮೇಲೆ, ಮಳೆನೀರು ಕಾಲುವೆಗಳ ಮೇಲೆ ಅವರು ಮಾಡಿದ ಲೆಕ್ಕಪರಿಶೋಧನೆ ಯಾವ ಗೈಡಿಗಿಂತಲೂ ಮೇಲು. ಯುಪಿಎಸ್‌ಸಿ ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ ಇರುವುದರಿಂದ ಕನ್ನಡ ಮಾಧ್ಯಮದವರು ಸಂಸ್ಥೆಗಳ ಇಂಗ್ಲಿಷ್ ಹೆಸರನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವವರು ಧೈರ್ಯವಾಗಿ ಬರೆಯಿರಿ. ವಿಷಯ ಗಟ್ಟಿಯಿದ್ದರೆ ನಮ್ಮ ಭಾಷೆಗೆ ಇದನ್ನೆಲ್ಲ ಹೇಳುವ ತ್ರಾಣವಿದೆ.

ಒಂದು ಭಾನುವಾರ ಪುಸ್ತಕ ಮುಚ್ಚಿ ನಿಮ್ಮ ಊರಿನ ಕೆರೆಗೆ ಹೋಗಿ ಬನ್ನಿ. ಸೋಮವಾರ ಗ್ರಾಮ ಪಂಚಾಯಿತಿಗೆ ಹೋಗಿ, ಜೀವವೈವಿಧ್ಯ ನಿರ್ವಹಣಾ ಸಮಿತಿ ಇದೆಯೇ, ಜನತಾ ಜೀವವೈವಿಧ್ಯ ದಾಖಲಾತಿ ಎಲ್ಲಿದೆ ಎಂದು ಕೇಳಿ. 2002ರ ಕಾಯ್ದೆಯಂತೆ ಚೆನ್ನೈನ ರಾಷ್ಟ್ರೀಯ ಪ್ರಾಧಿಕಾರ, ಬೆಂಗಳೂರಿನ ರಾಜ್ಯ ಮಂಡಳಿಗಳ ಕೆಳಗಿನ ಮೂರನೇ ಮೆಟ್ಟಿಲು ಆ ಸಮಿತಿ. ದಾಖಲಾತಿ ಸಿಕ್ಕರೆ ಅದರಲ್ಲಿ ನಿಮ್ಮ ಊರಿನ ಯಾವ ಭತ್ತದ ತಳಿ, ಯಾವ ಮೀನು, ಯಾವ ಗಿಡಮೂಲಿಕೆ ಇದೆ ನೋಡಿ. ಸಿಗದಿದ್ದರೆ ಯಾಕೆ ಸಿಗಲಿಲ್ಲ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು ಸಮಾಧಾನವಾಗಿ ಕೇಳಿ. ಅವರು ಹೊತ್ತಿರುವ ಕೆಲಸಗಳ ಪಟ್ಟಿಯನ್ನೂ ಕೇಳಿ. ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಸಾಧ್ಯವಾದರೆ ಅಲ್ಲಿಗೂ ಒಮ್ಮೆ ಹೋಗಿಬನ್ನಿ.

ಕೊನೆಯದಾಗಿ, ಪರೀಕ್ಷೆಗೆ ಎರಡು ತಿಂಗಳಿರುವಾಗ ನಿಮ್ಮ ಟಿಪ್ಪಣಿಯ ಪ್ರತಿ ಪುಟವನ್ನೂ ಮತ್ತೊಮ್ಮೆ ತಾಳೆ ನೋಡಿ. ಈ ವಿಷಯ ಒಂದೇ ವರ್ಷದಲ್ಲಿ ಎರಡು ಸಲ ಮಗ್ಗಲು ಬದಲಿಸಿದ್ದೂ ಉಂಟು. 2025ರ ಮೇ 16ರಂದು ವನಶಕ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯೋಜನೆ ಶುರುವಾದ ಮೇಲೆ ಪರಿಸರ ಅನುಮತಿ ಕೊಡುವ ಪದ್ಧತಿಯನ್ನು ತಳ್ಳಿಹಾಕಿತು. ನವೆಂಬರ್ 18ರಂದು ಮೂವರ ಪೀಠ, ಇಬ್ಬರ ಬಹುಮತದಿಂದ, ಆ ತೀರ್ಪನ್ನು ಹಿಂಪಡೆಯಿತು. ಮೇ ತಿಂಗಳ ತೀರ್ಪು ಬರೆದ ಪೀಠದಲ್ಲಿದ್ದ ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಈ ಸಲ ಭಿನ್ನಮತ ಬರೆದರು. ಬಹುಮತದ ಕಾರಣಗಳನ್ನೂ ಭಿನ್ನಮತದ ಕಾರಣಗಳನ್ನೂ ಎದುರುಬದುರು ಇಟ್ಟುಕೊಂಡು ಓದಿ, ಆಮೇಲೆ ನಿಮ್ಮ ಪುಟ ತಿದ್ದಿ.